ಬ್ರೋಕರಾ, ಏಜೆಂಟಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿನಲ್ಲಿ ಸೈಟೋ ಫ್ಲ್ಯಾಟೋ ಹುಡುಕಲು ಹೊರಟ ಪರಿಚಯದವರೆಲ್ಲ ನನ್ನನ್ನು ಕೇಳುವುದು ಒಂದೇ: "ಬ್ರೋಕರ್ ಹತ್ರ ಹೋಗೋದಾ, ಏಜೆಂಟ್ ಹತ್ರ ಹೋಗೋದಾ? ಯಾರು ವಾಸಿ?" ನಾನು ಈ ವ್ಯವಹಾರದವನಲ್ಲ. ಎರಡು ಸಲ ಮನೆ ಕೊಂಡಿದ್ದೇನೆ, ಒಂದು ಸಲ ಟೋಕನ್ (ಮುಂಗಡ ಹಣ) ಕಳಕೊಂಡಿದ್ದೇನೆ. ನನ್ನ ಅರ್ಹತೆ ಅಷ್ಟೇ.

ಈ ಪ್ರಶ್ನೆಗೆ ನಿಜವಾದ ಅರ್ಥವಿರುವುದು ಅಮೆರಿಕದಲ್ಲಿ. ಅಲ್ಲಿ ಇವು ಬೇರೆ ಬೇರೆ ಲೈಸೆನ್ಸು. ಏಜೆಂಟ್ ಒಬ್ಬ ಬ್ರೋಕರ್ ಕೈಕೆಳಗೇ ಕೆಲಸ ಮಾಡಬೇಕು, ಕಮಿಷನ್ನೂ ಅವರ ಮೂಲಕವೇ ಬರಬೇಕು. ನಮ್ಮಲ್ಲಿ ಹಾಗಿಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ ಕಾಯ್ದೆ, ಏಜೆಂಟ್ ಅಂದರೆ ಯಾರು ಎಂದು ಹೇಳುವಾಗ ಬ್ರೋಕರ್, ಮಧ್ಯವರ್ತಿ, ಯಾವ ಹೆಸರಿನಿಂದ ಕರೆದರೂ ಸರಿ ಎಂದು ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಟೀ ಅಂಗಡಿ ಮುಂದೆ ಸ್ಕೂಟರ್ ಮೇಲೆ ಕೂತವನು ಬ್ರೋಕರ್, ಏಸಿ ಆಫೀಸಿನಲ್ಲಿ ಕೂತವನು ಏಜೆಂಟ್ ಅನ್ನುವುದು ನಾವು ಬಟ್ಟೆ ನೋಡಿ ಮಾಡಿಕೊಂಡ ಜಾತಿ.

ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಏನು ಕೊಳ್ತಿದ್ದೀರಿ?

ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ಅಂದರೆ, ಮಾರಿಸಿಕೊಡುವವನಿಗೆ ರೇರಾ ನೋಂದಣಿ ಬೇಕು. ಇಲ್ಲದೆ ವ್ಯಾಪಾರ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ. ನಂಬರ್ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ನೋಡಿ. ಕೆಲವರು ಪ್ರಾಜೆಕ್ಟಿನ ನಂಬರನ್ನೇ ತಮ್ಮದೆಂಬಂತೆ ತೋರಿಸುತ್ತಾರೆ, ಎರಡೂ ಬೇರೆ. ನೋಂದಾಯಿತ ಕರಾರು ಪತ್ರ ಆಗುವ ಮುಂಚೆ ಬಿಲ್ಡರ್ ಬೆಲೆಯ 10%ಕ್ಕಿಂತ ಹೆಚ್ಚು ಕೇಳುವಂತಿಲ್ಲ ಅನ್ನುವುದೂ ಆ ಕಾಯ್ದೆಯಲ್ಲೇ ಇದೆ.

ಹಳೇ ಮನೆ, ಕೈಬದಲಾಗುವ ಸೈಟು, ಬಾಡಿಗೆ ಮನೆ ಆದರೆ ಕಥೆಯೇ ಬೇರೆ. ಅಲ್ಲಿ ಸಾಮಾನ್ಯವಾಗಿ ಈ ನೋಂದಣಿಯ ಮಾತೇ ಬರುವುದಿಲ್ಲ. ನನ್ನ ಓಟು ಆ ಬೀದಿಯಲ್ಲೇ ಇಪ್ಪತ್ತು ವರ್ಷ ಓಡಾಡಿದ ಬ್ರೋಕರ್‌ಗೆ. ನನ್ನ ಎರಡನೇ ಮನೆ ಹುಡುಕುವಾಗ ಒಂದು ಮನೆ ತುಂಬ ಹಿಡಿಸಿತ್ತು. ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿದೆ, ಚೊಕ್ಕವಾಗಿತ್ತು. ನಮ್ಮ ಸ್ಕೂಟರ್ ಬ್ರೋಕರ್ ಮಾತ್ರ ತಲೆ ಅಲ್ಲಾಡಿಸಿದ: "ಬೇಡಿ ಸಾರ್. ಇದು ಅವರಪ್ಪನ ಆಸ್ತಿ, ತಂಗಿ ಇನ್ನೂ ಸಹಿ ಹಾಕಿಲ್ಲ." ಇಸಿಯಲ್ಲಿ ಕಾಣುವುದು ನೋಂದಣಿಯಾದ ಪತ್ರಗಳು. ಅಣ್ಣತಂಗಿ ಮಾತು ಬಿಟ್ಟಿದ್ದಾರೆ ಅನ್ನುವುದು ಕಾಣುವುದಿಲ್ಲ.

ಟೋಕನ್ ಕಳಕೊಂಡದ್ದು ಏಸಿ ಆಫೀಸಿನಲ್ಲಿ. ಕಾಫಿ, ಬಣ್ಣದ ನಕ್ಷೆ, "ಡಿಸಿ ಕನ್ವರ್ಷನ್ ಆಗಿದೆ ಸರ್, ನಾಳೆ ಇನ್ನೊಬ್ಬರು ಬರ್ತಿದ್ದಾರೆ" ಅನ್ನುವ ಅವಸರ. ಡಿಸಿ ಕನ್ವರ್ಷನ್ ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ. 50,000 ಕೊಟ್ಟು ಬಂದೆ, ರಸೀದಿ ಕೂಡ ಕೇಳಲಿಲ್ಲ. ವಕೀಲರು ಕಾಗದ ನೋಡಿ, ಕನ್ವರ್ಷನ್ ಆಗಿದ್ದು ಪಕ್ಕದ ಸರ್ವೆ ನಂಬರಿನ ಜಮೀನಿಗೆ ಎಂದರು. ದುಡ್ಡು ವಾಪಸ್ ಬರಲಿಲ್ಲ. ವಕೀಲರನ್ನು ನಾನೇ ಹುಡುಕಿಕೊಂಡಿದ್ದೆ ಅನ್ನುವುದೊಂದೇ ಪುಣ್ಯ. ಆ ಆಫೀಸಿನವರು "ನಮ್ಮ ಲಾಯರ್ ಇದ್ದಾರೆ" ಎಂದಿದ್ದರು.

ಕಮಿಷನ್ ಮಾತು ಮನೆ ನೋಡುವ ಮುಂಚೆಯೇ ಆಗಿಬಿಡಲಿ. ಸಾಮಾನ್ಯವಾಗಿ ಖರೀದಿಗೆ 1ರಿಂದ 2%, ಬಾಡಿಗೆಗೆ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಜೊತೆಗೆ ಒಂದು ಮುಜುಗರದ ಪ್ರಶ್ನೆ ಕೇಳಿ: "ಮಾರುವವರ ಹತ್ರಾನೂ ತಗೋತೀರಾ?" ನಾನು ಕೇಳಿದವರಲ್ಲಿ ಬಹಳ ಜನ ಮಾತು ಮರೆಸಿದರು. ಆ ಸ್ಕೂಟರ್ ಬ್ರೋಕರ್ ಮಾತ್ರ ನಕ್ಕು, "ಹೂಂ ಸಾರ್, ಎರಡೂ ಕಡೆ. ಇಲ್ದಿದ್ರೆ ಪೆಟ್ರೋಲ್ ದುಡ್ಡೂ ಹುಟ್ಟಲ್ಲ" ಅಂದ. ಆವತ್ತೇ ಅವನ ಸ್ಕೂಟರ್ ಹಿಂದೆ ಕೂತೆ.