ಕೇಳುವವರು ಒಬ್ಬರು, ತುಂಬುವವರು ಇನ್ನೊಬ್ಬರು

ಶಿರಸಿಯಲ್ಲಿ ಅಡಿಕೆ, ಕಾಳುಮೆಣಸು ಖರೀದಿಸುವ ಒಂದು ಕಂಪನಿಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಬಳಸುವವರೆಲ್ಲ ನಮ್ಮವರೇ. ಮೊದಲು ಎಲ್ಲರೂ ಒಂದೇ ಹಾಲ್‌ನಲ್ಲಿ ಕೂರುತ್ತಿದ್ದೆವು, ಏನಾದರೂ ಬೇಕಿದ್ದರೆ ಕೂಗಿದರೆ ಸಾಕಿತ್ತು. ಈಗ ಸೇಲ್ಸ್ ಬೆಂಗಳೂರಿನಲ್ಲಿ, ಅಕೌಂಟ್ಸ್ ಮೇಲಿನ ಮಹಡಿಯಲ್ಲಿ, ಗೋದಾಮು ಯಲ್ಲಾಪುರ, ಕುಮಟಾಗಳಲ್ಲೂ ಇದೆ. ಕಂಪನಿ ಬೆಳೆದಂತೆ ಫೀಚರ್ ಕೇಳುವವರು ಒಬ್ಬರಾಗುತ್ತಾರೆ, ಅದಕ್ಕೆ ಮೈಮುರಿದು ದುಡಿಯುವವರು ಇನ್ನೊಬ್ಬರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

ಸಿರ್ಸಿ ಸುಪಾರಿಗೆ, ಅಂದರೆ ನಮ್ಮ ಅಡಿಕೆಗೆ, 2019ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ಎಂಬ ಭೌಗೋಳಿಕ ಗುರುತು) ಸಿಕ್ಕಿತಲ್ವಾ, ಅದು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ ಮಾತ್ರ. ಹಾಗಾಗಿ ಪ್ರತಿ ಚೀಲ ಯಾವ ತಾಲೂಕಿನದು ಎಂಬ ದಾಖಲೆ ಬೇಕು ಎಂದು ಸೇಲ್ಸ್‌ನವರು ಕೇಳಿದರು. ನ್ಯಾಯವಾಗೇ ಇತ್ತು. ತೂಕದ ಎಂಟ್ರಿಯಲ್ಲಿ ತಾಲೂಕುಗಳ ಪಟ್ಟಿ ಬಂತು, ಒಂದನ್ನು ಆರಿಸದೆ ಮುಂದೆ ಹೋಗುವ ಹಾಗಿಲ್ಲ. ಸ್ವಲ್ಪ ದಿನ ಬಿಟ್ಟು ರಿಪೋರ್ಟ್ ತೆಗೆದರೆ ಅರ್ಧಕ್ಕರ್ಧ ಅಡಿಕೆ ಅಂಕೋಲಾದ್ದು! ಅಂಕೋಲಾದಲ್ಲಿ ತೋಟ ಜಾಸ್ತಿಯಾಗಿರಲಿಲ್ಲ. ಅಕ್ಷರದ ಸಾಲಿನಲ್ಲಿ ಅದೇ ಮೊದಲು, ಅಷ್ಟೇ.

ಸೇಲ್ಸ್‌ನವರಿಗೆ ಸಿಟ್ಟು, ಗೋದಾಮಿನ ಹುಡುಗರಿಗೆ ತರಬೇತಿ ಕೊಡಿ ಎಂದರು. ತರಬೇತಿಯಿಂದ ಸರಿಹೋಗುವ ವಿಷಯವೇ ಅಲ್ಲ ಅದು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಬರುವ ದಿನಗಳಲ್ಲಿ ಗೋದಾಮಿಗೆ ಹೋಗಿ ನೋಡಿ, ಹೊರಗೆ ಗಾಡಿ ಸಾಲು, ಹಮಾಲರು ಚೀಲ ಇಳಿಸುತ್ತಲೇ ಇರುತ್ತಾರೆ, ರೈತರಿಗೆ ಊರಿನ ಬಸ್ಸು ತಪ್ಪುವ ಗಡಿಬಿಡಿ. ಅಲ್ಲಿನ ಹಿರಿಯರೊಬ್ಬರು, "ತಮಾ, ಪಟ್ಟಿ ಹುಡುಕ್ತಾ ಕೂಪಲೆ ಆಗ್ತಾ?" ಎಂದು ಕೇಳಿದರು.

ಮಜಾ ಎಂದರೆ, ಬೇಕಾದ ಮಾಹಿತಿ ಮೇಲಿನ ಮಹಡಿಯಲ್ಲೇ ಫೈಲಿನಲ್ಲಿತ್ತು. ಹೊಸ ರೈತರ ಖಾತೆ ತೆರೆಯುವಾಗ ಅಕೌಂಟ್ಸ್‌ನವರು ಪಾಸ್‌ಬುಕ್ ಜೊತೆ ಪಹಣಿಯ ಪ್ರತಿಯನ್ನೂ ತೆಗೆದುಕೊಳ್ಳುತ್ತಾರೆ. ತಾಲೂಕು, ಊರು, ಸರ್ವೆ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. ಒಮ್ಮೆ ಅದನ್ನು ಖಾತೆಗೆ ಸೇರಿಸಿದರೆ, ಗೋದಾಮಿನಲ್ಲಿ ರೈತರ ನಂಬರ್ ಒತ್ತಿದರೆ ಸಾಕು, ತಾಲೂಕು ತಾನೇ ಬರುತ್ತದೆ. ಎರಡು ತಾಲೂಕಿನಲ್ಲಿ ತೋಟ ಇರುವವರಿಗೆ ಮಾತ್ರ ಕೇಳುತ್ತದೆ.

ಆದರೆ ಸೇರಿಸುವವರು ಯಾರು? ಅಕೌಂಟ್ಸ್‌ನವರು ನೇರವಾಗಿ, "ಇದರಿಂದ ನಮಗೇನು ಲಾಭ?" ಎಂದರು. ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವವರು ನನ್ನ ಕೆಲಸಕ್ಕೆ ಬರಲೇಬಾರದು. ಅವರ ತಲೆನೋವು ಬೇರೆಯೇ ಇತ್ತು: ತೂಕದ ಚೀಟಿಯಲ್ಲಿ ಬರೀ ಹೆಸರು. ನಮ್ಮ ಕಡೆ ಗಣಪತಿ ಹೆಗಡೆ ಎಂದರೆ ಎಷ್ಟು ಜನ ಇಲ್ಲ ಹೇಳಿ! ಚೀಟಿಯಲ್ಲಿ ರೈತರ ನಂಬರ್ ಬರುವ ಹಾಗೆ ಮಾಡುತ್ತೇವೆ ಎಂದ ಕೂಡಲೇ ಪಹಣಿ ಫೈಲು ಕೆಳಗೆ ಬಂತು.

ಈಗ ಯಾರೇ ಫೀಚರ್ ಕೇಳಿದರೂ ನಾನು ಮೊದಲು ಕೇಳುವುದು, ಇದನ್ನು ತುಂಬುವವರು ಯಾರು, ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಇನ್ನೇನಿರುತ್ತದೆ ಎಂದು. ಮೇಲಿನವರಿಗೆ ಇದು ಸುಮ್ನೆ ತಡ ಮಾಡಿದ ಹಾಗೆ ಕಾಣುತ್ತದೆ, ಕಾಣಲಿ. ಮೊನ್ನೆ ಸೇಲ್ಸ್‌ನವರು ಕಾಳುಮೆಣಸಿಗೆ ತೇವಾಂಶದ ಕಾಲಂ ಕೇಳಿದ್ದಾರೆ. ತೇವಾಂಶ ಅಳೆಯುವ ಮೀಟರ್ ಇರುವುದು ಶಿರಸಿ ಗೋದಾಮಿನಲ್ಲಿ ಮಾತ್ರ. ಉಳಿದ ಎರಡಕ್ಕೂ ಮೀಟರ್ ಕೊಡಿಸಿ, ಆಮೇಲೆ ಕಾಲಂ ಎಂದು ಹೇಳಿ ಕಳಿಸಿದ್ದೇನೆ.