ಪಿಯರ್‌ಟ್ಯೂಬ್‌ಗೆ ಹೋಗುವ ಮುನ್ನ ಹಾಕಬೇಕಾದ ಲೆಕ್ಕ

ಚಾನೆಲ್ ಮೇಲೆ ಸ್ಟ್ರೈಕ್ ಬಿದ್ದಾಗ, ಇಲ್ಲವೇ ಜಾಹೀರಾತು ವರಮಾನ ಏಕಾಏಕಿ ನಿಂತಾಗ ವಿಡಿಯೊ ಮಾಡುವವರಿಗೆ ‘ವಿಕೇಂದ್ರೀಕೃತ’ ಎಂಬ ಪದ ನೆನಪಾಗುತ್ತದೆ. ಆದರೆ ಆ ಹೆಸರಿನಲ್ಲಿ ಓಡಾಡುವುದೆಲ್ಲ ಒಂದೇ ಸರಕಲ್ಲ. ಟೋಕನ್ (ಕೊಂಡು ಮಾರಬಹುದಾದ ಡಿಜಿಟಲ್ ನಾಣ್ಯ) ಹಂಚುವ ಬ್ಲಾಕ್‌ಚೈನ್ ತಾಣಗಳದ್ದು ಒಂದು ಬಗೆ. ಅಲ್ಲಿ ವಿಡಿಯೊಗಿಂತ ಟೋಕನ್ನಿನ ಬೆಲೆಯೇ ಮುಖ್ಯವಾಗಿಬಿಡುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಕರು ಹೂಡಿದ್ದ ಮೊಕದ್ದಮೆಯಲ್ಲಿ ಇಂಥದೇ ವಿಡಿಯೊ ಜಾಲ ಕಟ್ಟಿದ್ದ ಎಲ್‌ಬಿಆರ್‌ವೈ ಕಂಪನಿ 2022ರ ನವೆಂಬರ್‌ನಲ್ಲಿ ಸೋತದ್ದು ಟೋಕನ್ ಮಾರಾಟದ ವಿಷಯಕ್ಕೇ. ಫೈಲ್‌ಗಳನ್ನು ಹಲವರ ಯಂತ್ರಗಳಲ್ಲಿ ಹಂಚಿಡುವ ಐಪಿಎಫ್‌ಎಸ್ ಜಾಲ ಇನ್ನೊಂದು ಬಗೆ. ಅದಕ್ಕೆ ಹಾಕಿದ್ದು ಶಾಶ್ವತ ಎಂದು ಹಲವರು ನಂಬಿದ್ದಾರೆ. ಆದರೆ ಯಾರೂ ಪಿನ್ ಮಾಡಿ, ಅಂದರೆ ತಮ್ಮ ಯಂತ್ರದಲ್ಲಿ ಕಾಯ್ದು, ಇಟ್ಟುಕೊಳ್ಳದ ಫೈಲ್ ಒಂದು ದಿನ ಎಲ್ಲೂ ಸಿಗುವುದಿಲ್ಲ.

ಒಬ್ಬರೇ ಅಥವಾ ನಾಲ್ಕಾರು ಜನ ಸೇರಿ ವಿಡಿಯೊ ಮಾಡುವವರಿಗೆ ಸದ್ಯ ಕೆಲಸಕ್ಕೆ ಬರುವುದು ಪಿಯರ್‌ಟ್ಯೂಬ್. ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಲಾಭರಹಿತ ಸಂಸ್ಥೆ ಬೆಳೆಸಿದ ಮುಕ್ತ ತಂತ್ರಾಂಶ, 1.0 ಆವೃತ್ತಿ 2018ರ ಅಕ್ಟೋಬರ್‌ನಲ್ಲಿ ಬಂತು. ಸಾವಿರ ಕಡೆ ಸಾವಿರ ಸರ್ವರ್, ಪ್ರತಿಯೊಂದಕ್ಕೂ ಅದರದೇ ಮಾಲೀಕರು, ಅದರದೇ ನಿಯಮ. ಆಕ್ಟಿವಿಟಿಪಬ್ ಎಂಬ ಸಾಮಾನ್ಯ ಸಂವಹನ ನಿಯಮದ ಮೂಲಕ ಅವು ಪರಸ್ಪರ ಮಾತಾಡುತ್ತವೆ. ಅದೇ ನಿಯಮ ಬಳಸುವ ಸಾಮಾಜಿಕ ಜಾಲ ಮ್ಯಾಸ್ಟೊಡಾನ್‌ನಲ್ಲಿ ಖಾತೆ ಇದ್ದವರು ಅಲ್ಲಿಂದಲೇ ನಿಮ್ಮ ಚಾನೆಲ್ ಫಾಲೋ ಮಾಡಬಹುದು. ಅಲ್ಲಿ ಅವರು ಬರೆದ ಉತ್ತರ ನಿಮ್ಮ ವಿಡಿಯೊದ ಕೆಳಗೆ ಕಾಮೆಂಟಾಗಿ ಕಾಣುತ್ತದೆ.

ಎಡವುವುದು ಇಲ್ಲೇ. ಸರ್ವರ್‌ನಿಂದ ಸರ್ವರ್‌ಗೆ ಹೋಗುವುದು ಶೀರ್ಷಿಕೆ, ವಿವರಣೆ, ಥಂಬ್‌ನೇಲ್ ಇಷ್ಟೇ. ವಿಡಿಯೊ ಫೈಲ್ ಮೂಲ ಸರ್ವರ್‌ನಲ್ಲೇ ಇರುತ್ತದೆ. ಬೇರೆ ಸರ್ವರ್‌ನವರು ರಿಡಂಡೆನ್ಸಿ ಆನ್ ಮಾಡಿ ಪ್ರತಿ ಇಟ್ಟುಕೊಂಡಿದ್ದರೆ ಹೊರೆ ಹಂಚಿಹೋಗುತ್ತದೆ, ಇಲ್ಲವಾದರೆ ಪ್ರತಿ ವೀಕ್ಷಣೆಯ ಭಾರವೂ ಒಂದೇ ಯಂತ್ರದ ಮೇಲೆ.

ಆ ಭಾರ ಎಷ್ಟು? 1080ಪಿ ವಿಡಿಯೊ ಸೆಕೆಂಡಿಗೆ 4 ಮೆಗಾಬಿಟ್ ಎಂದುಕೊಳ್ಳಿ. ಹತ್ತು ನಿಮಿಷಕ್ಕೆ 300 ಎಂಬಿ. ಸಾವಿರ ಜನ ಕೊನೆಯವರೆಗೂ ನೋಡಿದರೆ 300 ಜಿಬಿ. ನೂರು ಜನ ಒಟ್ಟಿಗೇ ಕುಳಿತರೆ 400 ಎಂಬಿಪಿಎಸ್ ಬೇಕು. ವೀಕ್ಷಕರ ಬ್ರೌಸರ್‌ಗಳೇ ತುಣುಕು ಹಂಚಿಕೊಳ್ಳುವ ಪಿ2ಪಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಹಲವರು ಒಂದೇ ವಿಡಿಯೊವನ್ನು ಒಂದೇ ಹೊತ್ತಿನಲ್ಲಿ ನೋಡುತ್ತಿದ್ದರೆ ಮಾತ್ರ ಅದು ಉಪಯೋಗ. ಲೈವ್‌ಗೆ, ಹೊಸ ವಿಡಿಯೊದ ಮೊದಲ ಗಂಟೆಗಳಿಗೆ ಚೆನ್ನ. ಎರಡು ವರ್ಷ ಹಳೆಯ ಪಾಠವನ್ನು ಮಧ್ಯರಾತ್ರಿ ಒಬ್ಬರೇ ನೋಡುವಾಗ ಪೂರ್ತಿ ಸರ್ವರ್‌ನಿಂದಲೇ ಬರಬೇಕು. ಮೊಬೈಲ್ ನೆಟ್‌ವರ್ಕ್‌ನ ನ್ಯಾಟ್ (ಹಲವರಿಗೆ ಒಂದೇ ಐಪಿ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಇರುವವರ ನಡುವೆ ನೇರ ಸಂಪರ್ಕ ಎಷ್ಟೋ ಸಲ ಏರ್ಪಡುವುದೇ ಇಲ್ಲ. ಜೊತೆಗೆ, ಪಿ2ಪಿಯಲ್ಲಿ ಒಬ್ಬರ ಐಪಿ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ. ಸೂಕ್ಷ್ಮ ವಿಷಯದ ಚಾನೆಲ್ ಆದರೆ ಅದನ್ನು ಆಫ್ ಮಾಡಿಯೇ ಇಡುವುದು ಲೇಸು.

ಡಿಸ್ಕ್ ಲೆಕ್ಕವೂ ಹೀಗೆಯೇ ಮೋಸ ಮಾಡುತ್ತದೆ. ಅದೇ ಹತ್ತು ನಿಮಿಷಕ್ಕೆ 720ಪಿ, 480ಪಿ, 360ಪಿ ಪ್ರತಿಗಳನ್ನೂ ಸೇರಿಸಿದರೆ 570 ಎಂಬಿ ಆಸುಪಾಸು. ಸೆಟ್ಟಿಂಗ್‌ನಲ್ಲಿ ಎಚ್‌ಎಲ್‌ಎಸ್ (ತುಣುಕು ತುಣುಕಾಗಿ ಕಳಿಸುವ ವಿಧಾನ) ಮತ್ತು ವೆಬ್ ವಿಡಿಯೊ (ಸಾದಾ ಫೈಲ್) ಎರಡನ್ನೂ ಆನ್ ಮಾಡಿದರೆ ಅದು ದುಪ್ಪಟ್ಟು. ಎಚ್‌ಎಲ್‌ಎಸ್ ಒಂದೇ ಸಾಕು. ಮೂಲ ಫೈಲ್ ಉಳಿಸುವ ಆಯ್ಕೆ ಪ್ರತ್ಯೇಕ. ಅದನ್ನು ಆನ್ ಮಾಡದಿದ್ದರೆ ಟ್ರಾನ್ಸ್‌ಕೋಡ್ ಆದ, ಅಂದರೆ ಸರ್ವರ್ ಪರಿವರ್ತಿಸಿದ, ಪ್ರತಿಗಳು ಮಾತ್ರ ಉಳಿಯುತ್ತವೆ, ಹಾಗಾಗಿ ಮೂಲವನ್ನು ನಿಮ್ಮ ಹಾರ್ಡ್ ಡಿಸ್ಕ್‌ನಿಂದ ಅಳಿಸಬೇಡಿ.

ಸ್ವಂತ ಸರ್ವರ್ ಹೂಡುವ ಮುನ್ನ ಬೇರೆಯವರ ಸರ್ವರ್‌ನಲ್ಲಿ ಖಾತೆ ತೆರೆದು ಆರು ತಿಂಗಳು ನೋಡುವುದೇ ಒಳ್ಳೆಯದು. ನೋಂದಣಿಗೆ ಮೊದಲು ಆ ಸರ್ವರ್‌ನ ‘ನಮ್ಮ ಬಗ್ಗೆ’ ಪುಟದಲ್ಲಿ ಒಟ್ಟು ಕೋಟಾ ಎಷ್ಟು, ದಿನದ ಕೋಟಾ ಎಷ್ಟು, ಖರ್ಚು ಯಾರು ಭರಿಸುತ್ತಿದ್ದಾರೆ, ಯಾವ ವಿಷಯ ನಿಷಿದ್ಧ ಎಂದು ಓದಿ. ಖರ್ಚಿನ ಬಗ್ಗೆ ಒಂದು ಸಾಲೂ ಇಲ್ಲದ ಸರ್ವರ್ ಯಾವಾಗ ಬೇಕಾದರೂ ಮಾಯವಾಗಬಹುದು. 6.1 ಆವೃತ್ತಿಯಿಂದ ಖಾತೆಯನ್ನು ಆರ್ಕೈವ್ ಆಗಿ ಇಳಿಸಿಕೊಂಡು ಇನ್ನೊಂದು ಸರ್ವರ್‌ಗೆ ಏರಿಸಬಹುದು, ಸರ್ವರ್ ನಡೆಸುವವರು ಅದಕ್ಕೆ ಅವಕಾಶ ಕೊಟ್ಟಿದ್ದರೆ. ಫಾಲೋವರ್‌ಗಳು ಮಾತ್ರ ಹಿಂದೆ ಬರುವುದಿಲ್ಲ.

ಸ್ವಂತದ್ದೇ ಬೇಕು ಎನ್ನುವವರು ಮೊದಲು ಡೊಮೈನ್ ಹೆಸರನ್ನು ತೀರ್ಮಾನಿಸಿ, ಆಮೇಲೆ ಅದನ್ನು ಮುಟ್ಟಬೇಡಿ. ಪ್ರತಿ ವಿಡಿಯೊದ, ಖಾತೆಯ ವಿಳಾಸದಲ್ಲೂ ಅದು ಅಚ್ಚಾಗಿರುತ್ತದೆ. ನಡುವೆ ಬದಲಿಸಿದರೆ ಉಳಿದ ಸರ್ವರ್‌ಗಳ ಪಾಲಿಗೆ ನೀವು ಅಪರಿಚಿತರು. 2 ಕೋರ್, 4 ಜಿಬಿ ರ್‍ಯಾಮ್ ಇರುವ ಲಿನಕ್ಸ್ ಯಂತ್ರ ಆರಂಭಕ್ಕೆ ಸಾಕು. ತಂತ್ರಾಂಶಗಳನ್ನು ಕಟ್ಟಾಗಿ ಅಳವಡಿಸುವ ಡಾಕರ್‌ನಲ್ಲಿ ಹಾಕಿದರೆ ಅದಕ್ಕೆ ಬೇಕಾದ ಪೋಸ್ಟ್‌ಗ್ರೆಸ್ ಡೇಟಾಬೇಸ್, ರೆಡಿಸ್ ಕ್ಯಾಶ್, ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಎಲ್ಲ ಒಟ್ಟಿಗೆ ಬರುತ್ತವೆ. ಮೊದಲ ಸಲ ಚಾಲೂ ಆದಾಗ ರೂಟ್ (ಮುಖ್ಯ ಆಡಳಿತ) ಖಾತೆಯ ಪಾಸ್‌ವರ್ಡ್ ಲಾಗ್‌ನಲ್ಲಿ ಬೀಳುತ್ತದೆ, ಅಲ್ಲಿ ಹುಡುಕಿ. ಸಾರ್ವಜನಿಕ ನೋಂದಣಿಯನ್ನು ಮುಚ್ಚಿಬಿಡಿ. ತೆರೆದಿಟ್ಟರೆ ಸ್ಪ್ಯಾಮ್ ಖಾತೆಗಳು ಸಾಲುಗಟ್ಟುತ್ತವೆ.

ಪುಟ ತೆರೆಯುತ್ತದೆ, ವಿಡಿಯೊ ಓಡುತ್ತದೆ, ಆದರೆ ಪಿ2ಪಿ ಸೊನ್ನೆ ಎಂದಾದರೆ ಮುಂದಿರುವ ಪ್ರಾಕ್ಸಿ (ಎನ್‌ಜಿನ್‌ಎಕ್ಸ್‌ನಂಥ ನಡುವಿನ ಸರ್ವರ್) ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಸಂಪರ್ಕವನ್ನು ಒಳಗೆ ಹೋಗಗೊಡುತ್ತಿದೆಯೇ ನೋಡಿ. ಅಪ್‌ಲೋಡ್ 413 ಎಂಬ ದೋಷ ಸಂಖ್ಯೆ ತೋರಿಸಿ ನಿಂತರೆ ಅದೇ ಪ್ರಾಕ್ಸಿಯ ಗಾತ್ರದ ಮಿತಿ ಕಡಿಮೆಯಿದೆ. ಅಪ್‌ಲೋಡ್ ಆದ ವಿಡಿಯೊ ಗಂಟೆಗಟ್ಟಲೆ ‘ಟ್ರಾನ್ಸ್‌ಕೋಡ್ ಆಗುತ್ತಿದೆ’ ಎಂದೇ ತೋರಿಸಿದರೆ ಗಾಬರಿ ಬೇಡ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶಕ್ಕೆ ಸಣ್ಣ ಸರ್ವರ್ ಸಾಲುತ್ತಿಲ್ಲ ಅಷ್ಟೇ. 5.2 ಆವೃತ್ತಿಯಿಂದ ರಿಮೋಟ್ ರನ್ನರ್ ಇದೆ: ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಅದನ್ನು ಹಾಕಿ, ಸರ್ವರ್ ಕೊಡುವ ಟೋಕನ್‌ನಿಂದ (ಇದು ನಾಣ್ಯವಲ್ಲ, ಗುರುತಿನ ಸಂಕೇತ) ನೋಂದಾಯಿಸಿದರೆ ಆ ಭಾರದ ಕೆಲಸ ಅಲ್ಲಿ ನಡೆದು ಫಲಿತಾಂಶ ಮಾತ್ರ ಸರ್ವರ್‌ಗೆ ಬರುತ್ತದೆ. ಬ್ಯಾಕಪ್ ಎಂದರೆ ವಿಡಿಯೊ ಫೋಲ್ಡರ್ ಒಂದೇ ಅಲ್ಲ. ಡೇಟಾಬೇಸ್ ಡಂಪ್, ಕಾನ್ಫಿಗ್ ಫೈಲ್ ಎರಡೂ ಬೇಕು. ಡೇಟಾಬೇಸ್ ಕಳೆದುಹೋದರೆ ಉಳಿಯುವುದು ಹೆಸರಿಲ್ಲದ ಫೈಲ್‌ಗಳ ರಾಶಿ.

ಹಣದ ಮಾತು ಚಿಕ್ಕದು. ಇಲ್ಲಿ ಜಾಹೀರಾತು ಪಾಲು ಇಲ್ಲ. ಚಾನೆಲ್‌ಗೊಂದು ‘ಬೆಂಬಲಿಸಿ’ ಗುಂಡಿ ಇದೆ, ಅದರಲ್ಲಿ ನಿಮ್ಮ ದೇಣಿಗೆಯ ಕೊಂಡಿ ಹಾಕಬಹುದು. ಶಿಫಾರಸು ಮಾಡಿ ಅಪರಿಚಿತರನ್ನು ಕರೆತರುವ ಅಲ್ಗಾರಿದಮ್ ಕೂಡ ಇಲ್ಲ. ಸೆಪಿಯಾ ಸರ್ಚ್ ಎಂಬ ಹುಡುಕುತಾಣ ಇದ್ದರೂ ಅದು ಹುಡುಕುವವರಿಗೆ ಮಾತ್ರ. ಆದ್ದರಿಂದ ಯೂಟ್ಯೂಬ್ ಚಾನೆಲ್ ಮುಚ್ಚಬೇಡಿ. ಅಲ್ಲಿನ ವಿವರಣೆಯ ಮೊದಲ ಸಾಲಿನಲ್ಲಿ ನಿಮ್ಮ ಪಿಯರ್‌ಟ್ಯೂಬ್ ಕೊಂಡಿ ಇರಲಿ, ನಿಮ್ಮ ವೆಬ್‌ಸೈಟಿನಲ್ಲಿ ಪಿಯರ್‌ಟ್ಯೂಬ್ ಎಂಬೆಡ್ ಇರಲಿ. ಚಾನೆಲ್ ಸಿಂಕ್ ಆನ್ ಮಾಡಿದರೆ ಯೂಟ್ಯೂಬಿನ ಹೊಸ ವಿಡಿಯೊ ತಾನಾಗಿಯೇ ಪಿಯರ್‌ಟ್ಯೂಬ್‌ಗೆ ಬರುತ್ತದೆ, ಆದರೆ ಯೂಟ್ಯೂಬ್ ಆಗಾಗ ಅದನ್ನು ತಡೆಯುವುದರಿಂದ ಮೂಲ ಫೈಲನ್ನು ಕೈಯಾರೆ ಏರಿಸುವುದೇ ಭದ್ರ, ಗುಣಮಟ್ಟವೂ ಕೆಡುವುದಿಲ್ಲ.