"ಫುಲ್ ಇನ್ಶೂರೆನ್ಸ್ ಇದೆಯಲ್ಲ, ಎಲ್ಲಾ ಬರುತ್ತೆ ಅಲ್ವಾ?"

ಇಲ್ಲ, ಬರಲ್ಲ.

ಗುದ್ದಿಸಿಕೊಂಡು ಬಂದ ಕಾರುಗಳಿಗೆ ಎಸ್ಟಿಮೇಟ್ ಬರೆಯುವುದು ನನ್ನ ಕೆಲಸ. ಬೆಂಗಳೂರಿನ ಒಂದು ಬಾಡಿ ಶಾಪ್‌ನಲ್ಲಿ ಹನ್ನೊಂದು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಕೌಂಟರ್‌ನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಎಲ್ಲರೂ ಕೇಳುವುದು ಮೇಲಿನ ಒಂದೇ ಮಾತು. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಮೇಲೆ ಕೇಳಿದವರಿಗೆ ಈ ಬರಹ ಕಳಿಸುತ್ತೇನೆ.

"ಫುಲ್" ಅನ್ನುವ ಇನ್ಶೂರೆನ್ಸೇ ಇಲ್ಲ. ನಿಮ್ಮ ಪಾಲಿಸಿ ತೆಗೆದು ಆ ಪದ ಎಲ್ಲಿದೆ ಹುಡುಕಿ. ಇರುವುದು ಎರಡು ಭಾಗ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಥರ್ಡ್ ಪಾರ್ಟಿ. ನಿಮ್ಮ ಕಾರಿಗೇ ಬಿದ್ದ ಪೆಟ್ಟು, ಕಳ್ಳತನ, ಬೆಂಕಿ, ನೆರೆ ಇವಕ್ಕೆ ಓನ್ ಡ್ಯಾಮೇಜ್. ಎರಡೂ ಸೇರಿದರೆ ಕಾಂಪ್ರಹೆನ್ಸಿವ್. ಜನ ಫುಲ್ ಅಂತ ಕರೆಯುವುದು ಇದನ್ನೇ. ಕೆಲವರು ಫಸ್ಟ್ ಪಾರ್ಟಿ ಅಂತಾರೆ.

ಇದರಲ್ಲಿ ಎಲ್ಲಾ ಬರಲ್ಲ ಅನ್ನುವುದಕ್ಕೆ ಒಂದು ಬಂಪರ್ ಸಾಕು. ಬಂಪರ್ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಹಾಕಿದರೆ ಸವಕಳಿ ಅಂತ ಅರ್ಧ ಬೆಲೆ ಕಳೆಯುತ್ತಾರೆ. ಕಾರು ಕೊಂಡು ಮೂರೇ ತಿಂಗಳಾಗಿದ್ದರೂ ಅಷ್ಟೇ. ಗಾಜಿಗೆ ಮಾತ್ರ ಏನೂ ಕಳೆಯಲ್ಲ. ಬಂಪರ್ 8,000 ರೂಪಾಯಿ ಅಂದರೆ ಕಂಪನಿಯ ಪಾಲು 4,000. ಅದರ ಮೇಲೆ, 1500 ಸಿಸಿ ಒಳಗಿನ ಕಾರಾದರೆ ಪ್ರತಿ ಕ್ಲೇಮ್‌ಗೂ ಮೊದಲ 1,000 ನಿಮ್ಮ ಜೇಬಿನದೇ. ಸವಕಳಿ ಬೇಡ ಅಂದರೆ ಜಾಸ್ತಿ ದುಡ್ಡು ಕೊಟ್ಟು ಜೀರೋ ಡೆಪ್ ಅನ್ನುವ ಆಡ್-ಆನ್ ಸೇರಿಸಿಕೊಳ್ಳಬೇಕು. ಅದನ್ನು ಬಂಪರ್ ಟು ಬಂಪರ್ ಅಂತ ಮಾರುತ್ತಾರೆ. ಹೆಸರು ಕೇಳಿ ಇಡೀ ಕಾರೇ ಬಂತು ಅಂದುಕೊಳ್ಳುತ್ತಾರೆ. ನೀರು ನುಗ್ಗಿ ಕೆಟ್ಟ ಎಂಜಿನ್ ಅದರಲ್ಲೂ ಬರಲ್ಲ.

ಎಂಜಿನ್ ಅಂದ ಕೂಡಲೇ ನನಗೆ 2022ರ ಸೆಪ್ಟೆಂಬರ್ ನೆನಪಾಗುತ್ತದೆ. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆಯೆಲ್ಲ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ. ನಮ್ಮ ಗೇಟಿನ ಹೊರಗೆ ಟೋಯಿಂಗ್ ಗಾಡಿಗಳ ಸಾಲು ನಿಂತಿತ್ತು. ಅದರಲ್ಲಿ ಒಬ್ಬ ಟೀಚರ್‌ ಅವರ ಬಿಳಿ ಕಾರು. ಬಾಗಿಲ ಒಳಗೆ ಸೀಟಿನ ಎತ್ತರಕ್ಕೆ ನೇರವಾದ ಕೆಸರಿನ ಗೆರೆ. ಏರ್ ಫಿಲ್ಟರ್ ತೆಗೆದು ಹಿಂಡಿದೆ, ಬಟ್ಟೆ ಹಿಂಡಿದ ಹಾಗೆ ನೀರು ಇಳಿಯಿತು. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. "ಮೇಡಂ, ಸ್ಟಾರ್ಟ್ ಮಾಡಿದ್ರಾ?" ಅಂದೆ. "ಒಂದೇ ಸಲ. ನೀರು ಇಳಿದಿತ್ತಲ್ಲ, ಬೇಸ್‌ಮೆಂಟಿಂದ ಮೇಲೆ ತರೋಣ ಅಂತ."

ಆ ಒಂದೇ ಸಲ ಸಾಕು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಹಾನಿ ಲೆಕ್ಕ ಹಾಕುವ ಇನ್ಶೂರೆನ್ಸ್ ಸರ್ವೇಯರ್ ಬಂದರು. ಸೀಟು, ಕಾರ್ಪೆಟ್, ವೈರಿಂಗ್ ಎಲ್ಲ ನೆರೆಯ ಲೆಕ್ಕಕ್ಕೆ ಸೇರಿತು. ಎಂಜಿನ್ ಸೇರಲಿಲ್ಲ. ಅದು ಕೆಟ್ಟದ್ದು ನೆರೆಯಿಂದಲ್ಲ, ಆಮೇಲೆ ಸ್ಟಾರ್ಟ್ ಮಾಡಿದ್ದರಿಂದ ಅನ್ನುವುದು ಕಾರಣ. ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಅವರಿಗೆ ಇರಲಿಲ್ಲ. ಬಿಲ್ಲು ಲಕ್ಷ ದಾಟಿತು. "ನನಗೆ ಯಾರೂ ಹೇಳಲೇ ಇಲ್ಲವಲ್ಲಪ್ಪ" ಅಂದರು. ಅವರು ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವತ್ತಿನಿಂದ ಮಳೆಗಾಲಕ್ಕೆ ಮುಂಚೆ ಗೊತ್ತಿದ್ದವರಿಗೆಲ್ಲ ಹೇಳುತ್ತೇನೆ: ನೀರಲ್ಲಿ ನಿಂತ ಕಾರಿನ ಕೀ ಮುಟ್ಟಬೇಡಿ. ಸಾಧ್ಯವಾದರೆ ಬ್ಯಾಟರಿ ಕನೆಕ್ಷನ್ ತೆಗೆಸಿ, ಎಳೆಸಿಕೊಂಡು ಬನ್ನಿ.

ಐದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 50 ಪರ್ಸೆಂಟ್‌ವರೆಗೂ ಕಮ್ಮಿಯಾಗುತ್ತದೆ. ಹಾಗಾಗಿ ಸಣ್ಣ ಗೀರಿಗೆಲ್ಲ ಕ್ಲೇಮ್ ಹಾಕಬೇಡಿ. ಇದು ಇಷ್ಟೇ.

ಇಷ್ಟು ವರ್ಷದಲ್ಲಿ ಎಲ್ಲರೂ ಕೇಳಿದ್ದು ತಮ್ಮ ಕಾರಿನ ಬಗ್ಗೆ. "ನಾನು ಯಾರಿಗಾದರೂ ಗುದ್ದಿದರೆ ಅವರಿಗೆ ಏನು ಸಿಗುತ್ತೆ?" ಅಂತ ಒಬ್ಬರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಬದಲಿಗೆ, "ಹಳೇ ಗಾಡಿ ಗುರು, ಪೊಲೀಸ್‌ಗೆ ತೋರಿಸೋಕೆ ಸುಮ್ನೆ ಒಂದು ಥರ್ಡ್ ಪಾರ್ಟಿ ಇದ್ರೆ ಸಾಕು" ಅಂತಾರೆ. ಈ ಮಾತಿಗೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಅದು ಪೊಲೀಸರಿಗಲ್ಲ ಸ್ವಾಮಿ. ಮೊದಲ ಸಲದ ದಂಡ 2,000 ರೂಪಾಯಿ, ಕಟ್ಟಿ ಮರೆತುಬಿಡಬಹುದು. ಥರ್ಡ್ ಪಾರ್ಟಿ ಇರುವುದು ರಸ್ತೆ ದಾಟುತ್ತಿರುವವರಿಗೆ. ಅವರ ಸಾವು ಅಥವಾ ಗಾಯಕ್ಕೆ ಪರಿಹಾರದ ಮಿತಿಯೇ ಇಲ್ಲ, ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟು. ಅವರ ಆಸ್ತಿಗಾದರೆ ಏಳೂವರೆ ಲಕ್ಷದವರೆಗೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದ ಪ್ರಕಾರ 1000 ಸಿಸಿವರೆಗಿನ ಕಾರಿಗೆ ಇದರ ವರ್ಷದ ಪ್ರೀಮಿಯಂ 2,094 ರೂಪಾಯಿ, ತೆರಿಗೆ ಬೇರೆ.

ನಮ್ಮ ಸೋದರಮಾವನಿಗೆ ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಕಾರು ಗುದ್ದಿತ್ತು. ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದು ರಸ್ತೆ ದಾಟುತ್ತಿದ್ದರು. ತೊಡೆಗೆ ರಾಡ್, ಎರಡು ಆಪರೇಷನ್. ವಕೀಲರು ಮೊದಲು ಕೇಳಿದ್ದು ಯಾರದು ತಪ್ಪು ಅಂತಲ್ಲ. "ಗಾಡಿ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತಾ?" ಇತ್ತು. ಮೂರು ವರ್ಷ ಓಡಾಡಿದ ಮೇಲೆ ದುಡ್ಡು ಬಂತು, ಸಾಲ ತೀರಿತು. ಅದೇ ವಾರ್ಡಿನಲ್ಲಿ ಪಕ್ಕದ ಮಂಚದವರು ಗಾರೆ ಕೆಲಸದವರು. ಅವರಿಗೆ ಗುದ್ದಿದ ಗಾಡಿಯ ಪಾಲಿಸಿ ಮುಗಿದು ಹತ್ತೊಂಬತ್ತು ದಿನವಾಗಿತ್ತು. ಗಾಡಿ ಮಾಲೀಕನೇ ಕೊಡಬೇಕು ಅಂತ ತೀರ್ಪಾಯಿತು. ಅವನ ಹತ್ತಿರ ಏನಿತ್ತು ಕೊಡುವುದಕ್ಕೆ? ಆ ಗಾರೆ ಕೆಲಸದವರ ಹೆಂಡತಿ ನಮ್ಮತ್ತೆಗೆ ಆಗಾಗ ಫೋನ್ ಮಾಡಿ, "ನಿಮಗೆ ಬಂತಾ ಅಕ್ಕಾ?" ಅಂತ ಕೇಳುತ್ತಿದ್ದರು. ಬಂದ ಮೇಲೆ ಅತ್ತೆ ಆ ಫೋನ್ ಎತ್ತಲು ಹಿಂಜರಿಯುತ್ತಿದ್ದರು.

2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಮಾಡಿಸಬೇಕು. ಓನ್ ಡ್ಯಾಮೇಜ್ ಒಂದೇ ವರ್ಷಕ್ಕೂ ಇರಬಹುದು. ಹಾಗಾಗಿ ಒಂದೇ ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಮುಕ್ತಾಯದ ತಾರೀಖು ಇರುತ್ತವೆ. ಈಗ ಯಾರಾದರೂ ಫುಲ್ ಇದೆಯಲ್ಲ ಅಂದರೆ ಪಾಲಿಸಿ ಈಸಿಕೊಂಡು, ಥರ್ಡ್ ಪಾರ್ಟಿಯ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕೊಡುತ್ತೇನೆ.